ಹಿಂದಿನ ಸೀಟಿನ ತೂಕ

ಮೋಟಾರ್ ಸೈಕಲ್ಲಿನ ಮೇಲೆ ಬೆಟ್ಟ ಹತ್ತಲು ನನ್ನನ್ನು ಆರಿಸಿದ್ದು ನನ್ನ ಧೈರ್ಯ ನೋಡಿ ಅಲ್ಲ, ತೂಕ ನೋಡಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನನಗಾಗ ನಲವತ್ತೊಂದು. ದಾವಣಗೆರೆಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದೆ. ಅದರ ಎಂಜಿನ್ನು ಕೆಮ್ಮಿದಾಗಲೆಲ್ಲ ಹರಿಹರದಿಂದ ಬಂದು ಸರಿಮಾಡುತ್ತಿದ್ದ ಸಾಬರ ಪೈಕಿ ಮೇಸ್ತ್ರಿಯೊಬ್ಬ, ಮಿಲಿಟರಿಯವರು ಗುಜರಿಗೆ ಹಾಕಿದ್ದ ಮೋಟಾರ್ ಸೈಕಲ್ಲೊಂದನ್ನು ತಂದು, ಎರಡು ವರ್ಷ ಅದರ ಮುಂದೆ ಕೂತು ಜೀವ ಬರಿಸಿದ್ದ. ತರೀಕೆರೆಯ ಆಚೆ, ಬೆಟ್ಟದ ಮೇಲಿನ ಕಾಫಿ ತೋಟದ ಯಜಮಾನರು ಅದನ್ನು ಕೊಳ್ಳಲು ಒಪ್ಪಿದ್ದರು. ಷರತ್ತು ಒಂದೇ. ಗಾಡಿ ಇಬ್ಬರನ್ನು ಹೊತ್ತು, ನಡುವೆ ಯಾರನ್ನೂ ಇಳಿಸದೆ, ಅವರ ಬಂಗಲೆಯ ಅಂಗಳ ಮುಟ್ಟಬೇಕು. ಯಜಮಾನರದು ಭಾರಿ ಶರೀರವಂತೆ. ಬೆನ್ನಿಗೆ ತೋಟದ ಲೆಕ್ಕ ಬರೆಯುವ ರೈಟರನ್ನೂ ಕೂರಿಸಿಕೊಂಡು ತಿರುಗುವವರಂತೆ. ಮಾರಾಟವಾದರೆ ಮೇಸ್ತ್ರಿಗೆ ಹರಿಹರದ ಬಸ್ ಸ್ಟ್ಯಾಂಡಿನ ಹತ್ತಿರ ಸ್ವಂತದ್ದೊಂದು ಅಂಗಡಿ. ಆಗದಿದ್ದರೆ ಮತ್ತೆ ರಿಪೇರಿಗೆ ಅವನು ಕೂರುತ್ತಿದ್ದ ಅದೇ ಬೇವಿನ ಮರದ ನೆರಳು, ಅದೇ ಗೋಣಿತಟ್ಟು.

ಗಿರಣಿಯ ತಕ್ಕಡಿಯ ಮೇಲೆ ನಾನೊಮ್ಮೆ ತಮಾಷೆಗೆ ನಿಂತದ್ದನ್ನು ಅವನು ಮರೆತಿರಲಿಲ್ಲ.

"ಸಾವ್ಕಾರ್ರೆ, ನಿಮ್ಮಂಥೋರು ಹಿಂದೆ ಕುಂತು ಗಾಡಿ ಹತ್ತಿತು ಅಂದ್ರೆ, ಇನ್ಯಾರು ಕುಂತ್ರೂ ಹತ್ತತೈತೆ."

"ಬಿದ್ರೆ?"

"ಬಿದ್ರೆ ನಾನೂ ಬೀಳ್ತೀನಲ್ರಿ. ನಿಮ್ಮನ್ನ ಒಬ್ರನ್ನೇ ಬೀಳಾಕೆ ಬಿಡ್ತೀನಾ?"

ಇಷ್ಟು ಧೈರ್ಯ ಹೇಳಿಸಿಕೊಂಡ ಮೇಲೂ ನನಗೆ ಮೂರು ದಿನ ಊಟ ಸೇರಲಿಲ್ಲ. ನನ್ನ ಪದ್ಧತಿಯೇ ಹಾಗೆ. ಮುಂದೆ ಆಗಬಹುದಾದ ಅನಾಹುತಗಳನ್ನೆಲ್ಲ ಮೊದಲೇ ಸಾಲಾಗಿ ನಿಲ್ಲಿಸಿಕೊಂಡು, ಒಂದೊಂದಕ್ಕೂ ಒಂದೊಂದು ಸಾಮಾನು ಕಟ್ಟಿಕೊಳ್ಳುವುದು. ಗಾಯಕ್ಕೆ ಅಯೋಡಿನ್, ಹತ್ತಿ. ಮಳೆಗೆ ಕೊಡೆ. ಕಂದಕಕ್ಕೆ ಹಗ್ಗ. ಹಸಿವಿಗೆ ಮಂಡಕ್ಕಿ. ನನ್ನ ವಿಳಾಸ ಬರೆದ ಚೀಟಿ ಎರಡು: ಒಂದು ಜೇಬಿಗೆ, ಒಂದು ಚೀಲಕ್ಕೆ. ನಾನೂ ಚೀಲವೂ ಬೇರೆ ಬೇರೆ ಕಡೆ ಸಿಕ್ಕರೆ ಇರಲಿ ಎಂದು.

"ಅಲ್ರೀ, ಗಾಡಿಗೆ ನಿಮ್ಮ ಭಾರ ಸಾಲದು ಅಂತ ಇದನ್ನೂ ಹೊರಸ್ತೀರೇನು?" ಎಂದಳು ನನ್ನ ಹೆಂಡತಿ. ಆದರೂ ಗಾಡಿಯ ಮುಂದಿನ ಗಾಲಿಗೆ ನಿಂಬೆಹಣ್ಣು ಇಟ್ಟು, ಹ್ಯಾಂಡಲ್ಲಿಗೆ ವಿಭೂತಿ ಹಚ್ಚಿದಳು. ಮೇಸ್ತ್ರಿ ಕೈಕಟ್ಟಿ ನಿಂತು, "ಹಚ್ರಿ ಅಕ್ಕಾರೆ, ಕಾರ್ಬೊರೇಟರಿಗೂ ಒಂದೀಟು ಹಚ್ರಿ, ಅದರದ್ದೇ ನಂಗೆ ಚಿಂತೆ" ಎಂದ.

ಪಂಚೆ ಉಟ್ಟರೆ ಚೈನಿಗೆ ಸಿಗುತ್ತದೆ ಎಂದು ಅವನು ಮೊದಲೇ ಹೆದರಿಸಿದ್ದರಿಂದ ತಮ್ಮನ ಪ್ಯಾಂಟು ತೊಟ್ಟಿದ್ದೆ. ಅದರ ಮೇಲಿನ ಗುಂಡಿಗೂ ಕಾಜಕ್ಕೂ ಮಾತುಕತೆ ಇರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಸೊಂಟಕ್ಕೆ ಬಿಗಿದು ಮಾನ ಕಾಪಾಡಿಕೊಂಡೆ.

ಹದಡಿ ದಾಟುವಷ್ಟರಲ್ಲಿ ನನ್ನ ಒಂದು ಕೈ ಕೊರಳಲ್ಲಿದ್ದ ಲಿಂಗದ ಕರಡಿಗೆಯ ಮೇಲೆ ಇತ್ತು, ಇನ್ನೊಂದು ಸೀಟಿನ ಕೆಳಗಿನ ಕಬ್ಬಿಣದ ಮೇಲೆ. "ಸಾವ್ಕಾರ್ರೆ, ದೇವರನ್ನ ಆಮ್ಯಾಲೆ ಹಿಡಕಳ್ರಿ, ಮೊದಲು ನನ್ನ ಹಿಡಕಳ್ರಿ" ಎಂದ ಮೇಸ್ತ್ರಿ. ಹಿಡಿದುಕೊಂಡೆ. ತರೀಕೆರೆ ಬರುವವರೆಗೂ ಬಿಡಲಿಲ್ಲ.

ತರೀಕೆರೆ ದಾಟಿ ಸ್ವಲ್ಪ ದೂರಕ್ಕೆ ರಸ್ತೆ ಅನ್ನುವುದು ಮುಗಿಯಿತು. ಅಲ್ಲಿಂದ ಮೇಲೆ ಎತ್ತುಗಳೂ ಯೋಚಿಸಿ ಕಾಲಿಡುವಂಥ ಜಾಡು. ಕೆಂಪು ಕೆಸರು, ಕೊಳೆತ ಎಲೆ, ತೆಂಗಿನಕಾಯಿ ಗಾತ್ರದ ಕಲ್ಲು, ಒಂದು ಹಳ್ಳ. ಹಳ್ಳವನ್ನು ನಾನು ಕಣ್ಣು ಮುಚ್ಚಿ ದಾಟಿದೆ. ಕಾಲು ತಣ್ಣಗಾದದ್ದರಿಂದ ಅದು ಹಳ್ಳ ಎಂದು ಗೊತ್ತಾಯಿತು. ಆಮೇಲೆ ತಿರುವುಗಳು. ಏಳು ಎಂದು ಮೇಸ್ತ್ರಿ ಹೇಳಿದ್ದ. ನಾಲ್ಕನ್ನು ಗಾಡಿ ಗುರುಗುಟ್ಟುತ್ತಲೇ ಹತ್ತಿತು. ಐದನೆಯದರಲ್ಲಿ ಹಿಂದಿನ ಗಾಲಿ ನಿಂತಲ್ಲೇ ತಿರುಗತೊಡಗಿತು.

"ಮುಂದಕ್ಕ ಬಗ್ಗರಿ!" ಎಂದು ಮೇಸ್ತ್ರಿ ಕೂಗಿದ.

ಎಡಗಡೆ ನೋಡಿದೆ. ಎಡಗಡೆ ಏನೂ ಇರಲಿಲ್ಲ. ಬಹಳ ಕೆಳಗೆ ಮರಗಳ ನೆತ್ತಿ ಕಾಣುತ್ತಿತ್ತು. ಬಗ್ಗುವ ಬದಲು ನಾನು ಎರಡೂ ಕಾಲನ್ನು ನೆಲಕ್ಕೆ ಊರಿಬಿಟ್ಟೆ. ಅಷ್ಟೇ ಮಾಡಿದ್ದು. ಗಾಡಿ ನನ್ನ ಕಾಲುಗಳ ನಡುವಿನಿಂದ ನುಸುಳಿ, ಹಗ್ಗ ಬಿಚ್ಚಿದ ಹೋರಿಯ ಹಾಗೆ ಮೇಲಕ್ಕೆ ಹಾರಿತು. ನಾನು ಚೀಲ ತಗುಲಿಸಿಕೊಂಡು, ಕಾಲು ಅಗಲಿಸಿಕೊಂಡು, ಕಾಣದ ಕುದುರೆಯ ಮೇಲೆ ಕೂತವನಂತೆ ದಾರಿಯ ನಡುವೆ ನಿಂತಿದ್ದೆ. ಮೇಲಿನ ತಿರುವಿನಿಂದ ಮೇಸ್ತ್ರಿಯ ಧ್ವನಿ ಕೇಳುತ್ತಿತ್ತು: "ಹೆಂಗೆ ಸಾವ್ಕಾರ್ರೆ! ನಾ ಹೇಳಿದ್ನಿಲ್ಲ? ಏನು ಎಳೀತೈತೆ ನೋಡ್ರಿ!"

ಪಾಪ, ಅಂಗಳ ಮುಟ್ಟುವವರೆಗೂ ಅವನು ನನ್ನೊಡನೆ ಮಾತಾಡುತ್ತಲೇ ಹೋದನಂತೆ.

ನಾನು ಏದುಸಿರು ಬಿಡುತ್ತ ನಡೆದೆ. ಎರಡು ತಿರುವು ಹತ್ತುವುದರೊಳಗೆ ಒಳ್ಳೆಯದೊಂದು ಕಥೆಯನ್ನೂ ಕಟ್ಟಿಕೊಂಡೆ: ಗಾಡಿ ಕುಲುಕಿತು, ಕೈ ಜಾರಿತು, ದೇವರ ದಯದಿಂದ ಉಳಿದೆ. ಅಂಗಳದಲ್ಲಿ ಮೇಸ್ತ್ರಿ ಗಾಡಿಯ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಯಜಮಾನರು ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಕುರ್ಚಿ ಕಾಣುತ್ತಿರಲಿಲ್ಲ.

"ಹಿಂದೆ ಕೂತವರನ್ನ ಎಸೆದು ಬರೋ ಗಾಡಿ ನನಗೆ ಬೇಡಪ್ಪ," ಎನ್ನುತ್ತಿದ್ದರು. "ನಮ್ಮ ರೈಟರಿಗೆ ನಾಲ್ಕು ಮಕ್ಕಳು."

ಮೇಸ್ತ್ರಿ ನನ್ನ ಕಡೆ ನೋಡಿದ. ಬೈಯುವ ನೋಟವಾಗಿದ್ದರೆ ನನ್ನ ಕಥೆಯನ್ನೇ ಹೇಳಿಬಿಡುತ್ತಿದ್ದೆನೋ ಏನೋ. ಅವನು ನೋಡುತ್ತಿದ್ದದ್ದು ನನ್ನ ಮೈಕೈ. ಎಲ್ಲಿ ಪೆಟ್ಟಾಗಿದೆ ಎಂದು ಹುಡುಕುತ್ತಿದ್ದ.

"ಗಾಡಿ ಎಸೀಲಿಲ್ರಿ," ಎಂದೆ. "ನಾನೇ ಇಳಿದೆ. ಹೆದರಿಕೆ ಆತು."

"ಓಡೋ ಗಾಡಿಯಿಂದ ಇಳಿದ್ರಾ?" ಎಂದರು ಯಜಮಾನರು.

"ಇಳಿಯೋದೇನು, ಕಾಲು ಊರಿದೆ. ಗಾಡಿ ಹೋತು, ನಾನು ಉಳಿದೆ."

ಯಜಮಾನರ ಹೊಟ್ಟೆ ಮೊದಲು ನಕ್ಕಿತು, ಆಮೇಲೆ ಅವರು ನಕ್ಕರು. ಅವರ ಆಳುಗಳೂ ನಕ್ಕರು. ಕಟ್ಟಿಹಾಕಿದ್ದ ನಾಯಿಯೂ ಬೊಗಳಿತು. "ಹಾಗಾದ್ರೆ ಕೆಳಗಿಂದ ಇನ್ನೊಂದು ಸಲ ಬನ್ನಿ, ಇಬ್ಬರೂ. ಈ ಸಲ ತಿರುವಿನಲ್ಲಿ ನಮ್ಮ ರೈಟರ್ ನಿಂತು ನೋಡ್ತಾರೆ."

ಮತ್ತೆ ಕೆಳಗಿಳಿದೆವು. ನಾನೇ ಸೊಂಟದ ವಲ್ಲಿ ಬಿಚ್ಚಿ ಮೇಸ್ತ್ರಿಯ ಕೈಗೆ ಕೊಟ್ಟೆ. "ನನ್ನ ನಂಬಬ್ಯಾಡ. ಕಟ್ಟು."

ಅವನು ನಮ್ಮಿಬ್ಬರ ನಡುವನ್ನೂ ಸೇರಿಸಿ ಗಂಟು ಹಾಕಿದ. ಪ್ಯಾಂಟು ಅದರ ಪಾಡಿಗೆ ಬಿಟ್ಟದ್ದಾಯಿತು. ಐದನೆಯ ತಿರುವಿನಲ್ಲಿ ಗಾಲಿ ಮತ್ತೆ ನಿಂತಲ್ಲೇ ತಿರುಗಿತು. ನನ್ನ ಕಾಲು ಮತ್ತೆ ಚಡಪಡಿಸಿತು. ಕೊಡೆ ಹಿಡಿದ ರೈಟರು ನನ್ನ ಕಾಲನ್ನೇ ನೋಡುತ್ತಿದ್ದರು. ನಾನು ಎಡಗಡೆ ನೋಡದೆ, ಮೇಸ್ತ್ರಿಯ ಬೆನ್ನಿಗೆ ಮುಖ ಒತ್ತಿ, ಇಡೀ ಗಿರಣಿಯ ಜೋಳದ ಮೂಟೆಗಳೆಲ್ಲ ಉರುಳಿದ ಹಾಗೆ ಮುಂದಕ್ಕೆ ಬಗ್ಗಿದೆ. ಗಾಲಿ ಕಲ್ಲು ಕಚ್ಚಿತು. ಗಾಡಿ ನರಳುತ್ತ, ಹೊಗೆ ಕಾರುತ್ತ ಹತ್ತಿತು. ಈ ಸಲ ಮೇಸ್ತ್ರಿ ತಿರುವು ತಿರುವಿಗೂ "ಅದೀರಾ?" ಎಂದು ಕೇಳುತ್ತಿದ್ದ. "ಅದೀನಿ" ಎನ್ನುತ್ತಿದ್ದೆ.

ಮಾರಾಟವಾಯಿತು. ಯಜಮಾನರು ಕಾಫಿ ಕೊಡಿಸಿದರು. ಮೇಸ್ತ್ರಿ ಗಾಡಿಯ ಟ್ಯಾಂಕನ್ನು ತನ್ನ ಅಂಗಿಯ ತುದಿಯಿಂದಲೇ ಒರೆಸಿ, ಬೀಗದ ಕೈ ಕೊಟ್ಟು, ಹೊರಟ. ನಾನೂ ಹೊರಟೆ. ಅಂಗಳ ದಾಟಿದ ಮೇಲೆ ಇಬ್ಬರೂ ನಿಂತೆವು.

ಮೂರು ದಿನ ಕೂತು ಅಷ್ಟೊಂದು ಅನಾಹುತಗಳನ್ನು ಎಣಿಸಿದ್ದ ನನಗೆ, ಗಾಡಿ ಮಾರಾಟವಾದರೆ ಮನೆಗೆ ಹೋಗುವುದು ಹೇಗೆ ಎನ್ನುವುದೊಂದು ಹೊಳೆದಿರಲಿಲ್ಲ. ಕೆಲಸ ಕೈಗೂಡಬಹುದು ಎಂದು ನಾನು ಎಣಿಸಿರಲೇ ಇಲ್ಲ, ನೋಡಿ.

ನಡೆದೆವು. ಐದನೆಯ ತಿರುವಿನ ಕೆಸರಿನಲ್ಲಿ ನನ್ನ ಎರಡು ಪಾದಗಳ ಗುರುತುಗಳು ಇನ್ನೂ ಅಗಲಿಸಿಕೊಂಡೇ ಇದ್ದವು. ನಡುವೆ ಟೈರಿನ ಗೆರೆ. ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ನನ್ನ ಪಾದಗಳನ್ನಲ್ಲ, ಗೆರೆಯನ್ನು.

"ನೆಟ್ಟಗೈತೆ ನೋಡ್ರಿ," ಎಂದ. "ಪಕ್ಕಕ್ಕೆ ಎಲ್ಲೂ ಜಾರಿಲ್ಲ."

ಟಾರು ರಸ್ತೆಗೆ ಬರುವ ಹೊತ್ತಿಗೆ ನನ್ನ ಚೀಲದ ಪಟ್ಟಿ ಹೆಗಲು ಕೊರೆಯುತ್ತಿತ್ತು. ಮಂಡಕ್ಕಿ ಬಿಚ್ಚಿ ಮೈಲಿಗಲ್ಲಿನ ಪಕ್ಕ ಕೂತೆವು. ಬಸ್ಸು ಯಾವಾಗ ಬರುತ್ತದೋ, ಬಂದರೂ ನಿಲ್ಲುತ್ತದೋ ಇಲ್ಲವೋ, ನಿಂತರೂ ಜಾಗ ಇರುತ್ತದೋ ಇಲ್ಲವೋ ಎಂದು ನಾನು ಆಗಲೇ ಶುರು ಮಾಡಿದ್ದೆ. ಮೇಸ್ತ್ರಿ ಚೀಲದೊಳಗೆ ಇಣುಕಿ, ಕೊಡೆ, ಹಗ್ಗ, ಅಯೋಡಿನ್ ಎಲ್ಲ ಸರಿಸಿ ನೋಡಿದ.

"ಎಲ್ಲಾ ತಂದೀರಿ, ಸಾವ್ಕಾರ್ರೆ," ಎಂದ. "ಬಸ್ಸೊಂದು ಹಾಕ್ಕಂಡು ಬರಬೇಕಿತ್ತು."