ಷಡ್ಡಕನ ಹತ್ತಿ ನೋಡಲು ಕೋಟೆಗೆ

ಮಿರ್ಲೆಯಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಎಚ್.ಡಿ. ಕೋಟೆಯ ಹತ್ತಿರ ನನ್ನ ಷಡ್ಡಕ ಪುಟ್ಟಸ್ವಾಮಿ ಹೊಸದಾಗಿ ಬಂದ ಬೀಟಿ ಹತ್ತಿ ಹಾಕಿದ್ದ. ಕಾಯಿಕೊರಕ ಹುಳವನ್ನು ಗಿಡವೇ ಕೊಲ್ಲುವ ಹಾಗೆ ಬೀಜದೊಳಗೇ ಏನೋ ಸೇರಿಸಿದ್ದಾರಂತೆ. ನಮ್ಮ ಮನೆಯಲ್ಲಿ ಬಿತ್ತನೆಯ ಕಾಲದಿಂದ ಇದೇ ಪುರಾಣ. “ನನ್ನ ತಂಗಿ ಗಂಡನ್ನ ನೋಡಿ ಕಲೀರಿ” ಎಂದು ಹೆಂಡತಿ ಸರೋಜ ಮುದ್ದೆಯ ಜೊತೆ ದಿನಾ ಬಡಿಸುತ್ತಿದ್ದಳು. ಕೊನೆಗೆ, “ಒಂದ್ಸಲ ಕಣ್ಣಾರೆ ನೋಡ್ಕೊಂಡ್ ಬನ್ನಿ. ಚೆನ್ನಾಗಿದ್ರೆ ನಿಮ್ಮ ಬದನೆ ಕಿತ್ತಾಕಿ ನಾವೂ ಅದ್ನೇ ಹಾಕವ” ಎಂದಳು. ನಮ್ಮಪ್ಪನ ಕಾಲದಿಂದ ಬದನೆ ಬೆಳೆದ ಹೊಲ! ಪುಟ್ಟಸ್ವಾಮಿಯ ಹತ್ತಿಗೆ ಹುಳ ಬಿದ್ದಿರಲಪ್ಪಾ ಎಂದು ಕೈಮುಗಿದೇ ಬಸ್ಸು ಹತ್ತಿದೆ.

ಕೆ.ಆರ್. ನಗರದಲ್ಲಿ ಬಸ್ಸು ಬದಲಿಸಿ ಹುಣಸೂರಿಗೆ ಬಂದಾಗ ಹೊಗೆಸೊಪ್ಪು ಬೇಯಿಸುವ ಘಾಟು ಮೂಗಿಗೆ ಹೊಡೆಯಿತು. ಬಸ್‌ಸ್ಟ್ಯಾಂಡಿನಲ್ಲಿ ಎರಡು ಇಡ್ಲಿ ತಿಂದೆ. ಚಟ್ನಿ ಬರೀ ನೀರು. ಕೋಟೆಗೆ ಹದಿನಾಲ್ಕು ರೂಪಾಯಿ ಕೊಟ್ಟೂ ನಿಂತೇ ಹೋದೆ. ದಾರಿಯಲ್ಲಿ ಮಳೆ ಹನಿಯಿತು. ಒಡೆದ ಹತ್ತಿ ನೆನೆದರೆ ಕೆಡುತ್ತದೆಂಬುದು ನೆನಪಾಗಿ ಸ್ವಲ್ಪ ಸಮಾಧಾನವಾಯಿತು.

ನಾದಿನಿ ಜಯಮ್ಮ ಗಟ್ಟಿ ಹಾಲಿನ ಕಾಫಿ ಕೊಟ್ಟಳು. ಕುಡಿದು ಪುಟ್ಟಸ್ವಾಮಿಯ ಹಿಂದೆ ಹೊಲಕ್ಕೆ ಹೋದೆ. ಮಳೆ ಈ ಕಡೆ ಬಿದ್ದೇ ಇರಲಿಲ್ಲ. ಗಿಡಗಳು ಎದೆಮಟ್ಟ, ಮೈತುಂಬ ಕಾಯಿ. ಒಂದೊಂದನ್ನೂ ತಿರುಗಿಸಿ ನೋಡಿದೆ, ತೂತಿಲ್ಲ. ಆದರೆ ಬೇಲಿ ಪಕ್ಕದ ಸಾಲಿಗೆ ಬಂದೆನೋ ಇಲ್ಲವೋ, ಕಾಯಿಕಾಯಿಗೂ ತೂತು, ಒಳಗೆ ದಪ್ಪ ದಪ್ಪ ಹುಳ!

“ಅಯ್ಯೋ, ಇದೇನ್ಲಾ ಪುಟ್ಟಸ್ವಾಮಿ!” ಎಂದೆ. ದನಿಯಲ್ಲಿ ಹಿಗ್ಗು ಇಣುಕಿರಬೇಕು.

“ಅದು ಹುಳಕ್ಕೇ ಅಂತ ಬುಟ್ಟಿರೋ ಸಾಲು ಕಣಣ್ಣ. ಬೀಟಿ ಬೀಜದ ಡಬ್ಬಿ ಜೊತೆ ಮಾಮೂಲಿ ಬೀಜದ್ದೂ ಒಂದ್ ಪ್ಯಾಕೆಟ್ ಕೊಡ್ತಾರೆ, ಸುತ್ತ ಅದ್ನ ಹಾಕ್ಬೇಕು. ಇಲ್ದಿದ್ರೆ ಹುಳವೆಲ್ಲ ಬೀಟಿಗೇ ಒಗ್ಗೋಯ್ತವಂತೆ.”

ನಾನು ವಾರವಾರ ಔಷಧಿ ಹೊಡೆದೂ ಹುಳುಕು ಬದನೆ ಆಯುವವನು. ಇವನು ಹುಳಕ್ಕೇ ಒಂದು ಸಾಲು ಬಿಟ್ಟು ಸಾಕುತ್ತಾನೆ! ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚು, ಮುಚ್ಚುಮರೆ ಯಾಕೆ?

“ಬದನೆಗೂ ಇಂಥ ಬೀಜ ಬತ್ತದಂತೆ ಕಣಣ್ಣ” ಎಂದ.

“ತಿನ್ನೋ ವಸ್ತುಗೆ ಇದೆಲ್ಲ ಯಾಕ್ಲಾ? ಯಾರ್ ತಿಂತಾರೆ?”

“ನಮ್ ಹಸ ಪ್ಯಾಟೆಯಿಂದ ತಂದ ಇಂಥ ಹತ್ತಿಬೀಜದ ಹಿಂಡೀನೇ ತಿನ್ನದು. ಈಗ ನೀವ್ ಕುಡುದ್ರಲ್ಲ ಕಾಪಿ, ಅದ್ರ ಹಾಲ್ದೇ.”

ಒಂದು ತೊಟ್ಟೂ ಬಿಡದೆ ಕುಡಿದಿದ್ದೆ. ಕಾಫಿ ಚೆನ್ನಾಗಿತ್ತು ಬೇರೆ.

ಮಧ್ಯಾಹ್ನ ಉಂಡು ಹೊರಟು, ದೀಪ ಹಚ್ಚುವ ಹೊತ್ತಿಗೆ ಮಿರ್ಲೆ ಸೇರಿದೆ. ಸರೋಜ ಬಾಗಿಲಲ್ಲೇ ನಿಂತಿದ್ದಳು. “ಎಂಗದೆ ಹತ್ತಿ?”

“ಬೇಲಿ ಸಾಲಲ್ಲಿ ಒಂದು ಕಾಯಿಯನ್ನೂ ಬಿಟ್ಟಿಲ್ಲ ಹುಳ” ಎಂದೆ. ಸುಳ್ಳೇನಲ್ಲ.

ತಂಗಿಯ ಬೆಳೆ ಹೋಯಿತೆಂದು ಅಳುತ್ತಾಳೇನೋ ಎಂದು ಹೆದರಿದ್ದೆ. ಅವಳ ಮುಖ ಅರಳಿತು!

“ಫೋನಲ್ಲಿ ಏನ್ ಜಂಬ ಕೊಚ್ತಿದ್ಲು! ಆಗ್ಬೇಕು ಅವ್ಳಿಗೆ. ನಮ್ ಬದ್ನೇನೇ ಇರ್ಲಿ ಬುಡಿ.”

ಊಟಕ್ಕೆ ಕೂತಾಗ ಉಳಿದದ್ದನ್ನೂ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು, ಎಷ್ಟೋ ತಿಂಗಳ ಮೇಲೆ, ಕೇಳದೆಯೇ ನನ್ನ ಮುದ್ದೆಗೆ ತುಪ್ಪ ಸುರಿದಳು. ಬಾಯಿ ತೆರೆದಿತ್ತಲ್ಲ, ಉಂಡೆ.