ಸಕ್ಕರೆ ಮುಚ್ಚಿದ ಗುರುತು

“ಗಡ್ಡೆಯಲ್ಲಿ ಆ ಪ್ರೋಟೀನೇ ಇಲ್ಲ, ಆದ್ದರಿಂದ ಇಮ್ಯುನೊಥೆರಪಿ ಫಲಿಸದು.” ನನ್ನ ಹೆಂಡತಿಯ ಶ್ವಾಸಕೋಶದ ಕ್ಯಾನ್ಸರಿನ ವರದಿ ಬಂದ ದಿನದಿಂದ ಎಲ್ಲರೂ ಹೇಳಿದ್ದು ಇದನ್ನೇ. ನಾನು ನಂಬಲಿಲ್ಲ. ಈ ಚಿಕಿತ್ಸೆಯ ಔಷಧಿ ಅಡ್ಡಗಟ್ಟುವುದು ರೋಗನಿರೋಧಕ ಕಣಗಳನ್ನು ತಡೆದು ನಿಲ್ಲಿಸುವ ಪ್ರೋಟೀನಿನ ಕೆಲಸವನ್ನು; ಆ ಪ್ರೋಟೀನಿಗೆ ಜೀವಕೋಶವೇ ಸಕ್ಕರೆಯ ಸರಪಳಿಗಳನ್ನು ಅಂಟಿಸುತ್ತದೆ. ಅವು ಪ್ರೋಟೀನನ್ನು ಬೇಗ ನಾಶವಾಗದಂತೆ ಕಾಯುತ್ತವೆ, ಪರೀಕ್ಷೆಗೆ ಕಾಣದಂತೆ ಮರೆಮಾಡಲೂ ಬಲ್ಲವು ಎಂದು ಓದಿದ್ದೆ.

ತಿಪಟೂರಿನ ನಾವು ಅಟ್ಟದಲ್ಲಿ ಒಣಗಲು ಇಟ್ಟ ತೆಂಗಿನಕಾಯಿಯನ್ನು ಅಲ್ಲಾಡಿಸಿ, ಒಳಗೆ ಗಿಟುಕು, ಅಂದರೆ ಒಣಗಿದ ಕೊಬ್ಬರಿ ಉಂಡೆ, ಉರುಳುವ ಸದ್ದು ಕೇಳುತ್ತೇವೆ. ಸದ್ದಾಗದಿದ್ದರೆ ಸುಲಿದು ನೋಡದೆ ಏನೂ ಇಲ್ಲವೆನ್ನುವುದಿಲ್ಲ.

“ಸಿಪ್ಪೆ ಸುಲೀದೆ ಒಳಗೇನಿಲ್ಲ ಅಂತ ಹೆಂಗ್ ಬರೆದ್ರಿ ಡಾಕ್ಟ್ರೇ?” ಎಂದು ಕೇಳಿದೆ.

ಹೆಂಡತಿ ನನ್ನ ತೋಳು ಜಗ್ಗಿ, “ಸುಮ್ಕಿರ್ರೀ, ಅವ್ರೇನು ಕೊಬ್ಬರಿ ಮಂಡಿಯೋರಾ?” ಎಂದಳು.

ಡಾಕ್ಟರು ನಕ್ಕರು. ಆದರೂ ಅದೇ ಗಡ್ಡೆಯ ತುಣುಕನ್ನು ಸಂಶೋಧನಾ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿ ಕಿಣ್ವದಿಂದ ಸಕ್ಕರೆಯನ್ನು ಕಳಚಿದ ಮೇಲೆ ಪ್ರೋಟೀನಿನ ಗುರುತು ಕಂದುಬಣ್ಣದಲ್ಲಿ ಮೂಡಿತು. ಈಗ ಇಮ್ಯುನೊಥೆರಪಿಯ ಔಷಧಿ ಶುರುವಾಗಿದೆ; ಅದು ಅವಳನ್ನು ಉಳಿಸೀತೆಂದು ನಾನೂ ಬರೆದುಕೊಡಲಾರೆ. ಮೇಣದಲ್ಲಿ ಹುದುಗಿಸಿದ ಆ ತುಣುಕು ಆಸ್ಪತ್ರೆಯಲ್ಲಿದೆ, ಎರಡೂ ವರದಿಗಳು ನನ್ನ ಬಳಿಯಿವೆ. ಅನುಮಾನವಿದ್ದವರು ಬಂದು ನೋಡಬಹುದು.