ಘಮ ತಿಳಿಯದ ಅಕ್ಕನ ಹಂಡೆ

ಬೀದಿದೀಪ ಇನ್ನೂ ಆರಿಲ್ಲ. ಹೋಟೆಲಿನ ಹಿಂಬಾಗಿಲು ತಳ್ಳಿಕೊಂಡು ಬರುವ ರಸದಕ್ಕ ಚಪ್ಪಲಿ ಬಿಟ್ಟು ರಬ್ಬರ್ ಬೂಟಿಗೆ ಕಾಲು ತೂರಿಸುತ್ತಾಳೆ, ತಲೆಗೆ ಬಟ್ಟೆ ಬಿಗಿಯುತ್ತಾಳೆ, ನೇರ ಮೂಲೆಯ ಒಲೆಯ ಹತ್ತಿರ ಹೋಗಿ ನಿಲ್ಲುತ್ತಾಳೆ. ಅಲ್ಲಿ ಸೊಂಟದೆತ್ತರದ ಸ್ಟೀಲ್ ಹಂಡೆ. ಬಾಯಿಗೆ ತೆಳುಬಟ್ಟೆ ಕಟ್ಟಿದೆ, ಮುಚ್ಚಳ ಗೋಡೆಗೆ ಒರಗಿದೆ. ಬಟ್ಟೆ ಬಿಚ್ಚಿ, ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನು ಸೌಟಿನ ಅಂಚಿನಿಂದ ಒಡೆದು ಬದಿಗೆ ಸರಿಸುತ್ತಾಳೆ. ಕೆಳಗೆ ಕಪ್ಪನೆಯ ರಸ. ಈ ಹೊತ್ತಿನಲ್ಲಿ ಯಾವ ಅಡುಗೆಯವರಾದರೂ ಬಗ್ಗಿ ಮೂಸುತ್ತಾರೆ. ಅವಳು ಬಗ್ಗುವುದಿಲ್ಲ. ತಿರುಗಿ ಸಿಂಕಿನ ಕಡೆ ಕೂಗುತ್ತಾಳೆ.

"ಬಾರೇ, ನೋಡು."

ಪಾತ್ರೆ ತೊಳೆಯುವ ಹೆಂಗಸು ಅವಳ ನಾದಿನಿ, ಗಂಡನ ತಂಗಿ. ಕೈ ಒರೆಸಿಕೊಳ್ಳುತ್ತ ಬಂದು, ಹಂಡೆಯ ಮೇಲೆ ಮುಖವಿಟ್ಟು, ಕಣ್ಣು ಮುಚ್ಚಿ ಉಸಿರೆಳೆಯುತ್ತಾಳೆ. ತಲೆಯಾಡಿಸುತ್ತಾಳೆ. ಆಮೇಲೆಯೇ ಒಲೆ ಹೊತ್ತುವುದು. ಒಂದು ಕಾಲಕ್ಕೆ ಇವರಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಒಬ್ಬಳು ತೊಳೆದ ಲೋಟವನ್ನು ಇನ್ನೊಬ್ಬಳು ಮತ್ತೆ ತೊಳೆಯುತ್ತಿದ್ದ ಕಾಲ ಅದು. ಈಗ ಅತ್ತಿಗೆಯ ಮೂಗು ನಾದಿನಿಯ ಮುಖದಲ್ಲಿದೆ. ಬೇರೆ ದಾರಿಯೂ ಇಲ್ಲ. ರಸದಕ್ಕನಿಗೆ ಎರಡು ವರ್ಷದಿಂದ ಯಾವ ವಾಸನೆಯೂ ತಿಳಿಯುವುದಿಲ್ಲ.

ಎಂಟು ಹತ್ತು ಜನ ಸೇರಿ ಹರಟೆ ಹೊಡೆಯುತ್ತ ಉಣ್ಣಬೇಕು, ಜೇಬಿಗೆ ಕತ್ತರಿ ಬೀಳಬಾರದು, ಎಬ್ಬಿಸುವ ಅವಸರವೂ ಇರಬಾರದು ಎಂದು ಜಾಗ ಹುಡುಕುವವರಿಗೆ ಈ ತೈವಾನಿ ಹೋಟೆಲು ಹೇಳಿ ಮಾಡಿಸಿದ ಹಾಗಿದೆ. ದುಂಡು ಮೇಜುಗಳು, ನಡುವೆ ತಿರುಗುವ ಮರದ ಹಲಗೆ. ಯಾರೂ ತಮಗೊಂದು ತಟ್ಟೆ ಎಂದು ಹೇಳುವುದಿಲ್ಲ. ನಾಲ್ಕು ಬಗೆ ತರಿಸಿ, ಹಲಗೆ ತಿರುಗಿಸಿ, ಎಲ್ಲರೂ ಎಲ್ಲದಕ್ಕೂ ಕೈ ಹಾಕುತ್ತಾರೆ. ಕಂದು ಮೊಟ್ಟೆ, ತೋಫು ಎನ್ನುವ ಸೋಯಾ ಗಿಣ್ಣಿನ ತುಂಡು, ಅನ್ನದ ಮೇಲೆ ಸುರಿಯುವ ಸಣ್ಣಗೆ ಹೆಚ್ಚಿದ ಹಂದಿಮಾಂಸ, ಕಡಲಕಳೆಯ ಗಂಟು, ಎಲ್ಲವೂ ಬೇಯುವುದು ಮೂಲೆಯ ಆ ಒಂದೇ ಹಂಡೆಯಲ್ಲಿ. ಫೋನಿನಲ್ಲಿ ನಕ್ಷತ್ರ ಎಣಿಸಿ ಹೋಟೆಲು ಆರಿಸುವವರಿಗೆ ಮೇಜು ಕಾಣುತ್ತದೆ, ಬೆಲೆ ಕಾಣುತ್ತದೆ, ಹಂಡೆ ಕಾಣುವುದಿಲ್ಲ.

ಆ ಹಂಡೆಯ ರಸವನ್ನು ಇಲ್ಲಿ ತಾಯಿರಸ ಎನ್ನುತ್ತಾರೆ. ಸೋಯಾ ಸಾಸು, ಶುಂಠಿ, ಚಕ್ರಮೊಗ್ಗು, ಚಕ್ಕೆ, ಕಲ್ಲುಸಕ್ಕರೆ, ಅಕ್ಕಿಯ ಮದ್ಯ ಹಾಕಿ ಒಮ್ಮೆ ಹೂಡಿದರೆ ಮತ್ತೆ ಪೂರ್ತಿ ಖಾಲಿ ಮಾಡುವಂತಿಲ್ಲ. ದಿನವೂ ಸೋಸು, ಕುದಿಸು, ಕಡಿಮೆಯಾದಷ್ಟು ಸೇರಿಸು, ಬಾಯಿ ತೆರೆದಿಟ್ಟು ಆರಿಸು. ವರ್ಷ ಕಳೆದಂತೆ ರಸ ಗಾಢವಾಗುತ್ತದೆ. ಹೋಟೆಲಿನ ಯಜಮಾನಿಯ ತಾಯಿ ತೈವಾನಿನಿಂದ ಬಂದು ಅಂಗಡಿ ತೆರೆದ ದಿನ ಹೂಡಿದ್ದ ರಸ ಹದಿನೇಳು ವರ್ಷ ಬಾಳಿತ್ತು. ಆ ಮುದುಕಿ ಹೋದ ಮೇಲೆ ಯಜಮಾನಿ ಯಾವಾಗಲಾದರೂ ಒಬ್ಬಳೇ ಬಂದು ಹಂಡೆಯ ಪಕ್ಕ ನಿಲ್ಲುತ್ತಿದ್ದಳು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ.

ರಸದಕ್ಕ ಬಂದದ್ದು ಪಾತ್ರೆ ತೊಳೆಯಲಿಕ್ಕೆ. ಗಂಡ ಕಲ್ಲು ಕೊರೆಯುವ ಕಾರ್ಖಾನೆಯಲ್ಲಿ ದುಡಿದು ಎದೆಯ ತುಂಬ ಧೂಳು ತುಂಬಿಕೊಂಡು ಮನೆಗೆ ಬಿದ್ದಿದ್ದ. ಬೆಳಗ್ಗೆ ಕೆಮ್ಮಿನಿಂದಲೇ ಅವನು ಎದ್ದಿದ್ದಾನೆಂದು ಅಕ್ಕಪಕ್ಕದ ಬಾಡಿಗೆ ಕೋಣೆಗಳಿಗೂ ಗೊತ್ತಾಗುತ್ತಿತ್ತು. ಸಿಂಕಿನ ಮುಂದೆ ನಿಂತವಳು ಒಂದು ದಿನ ತಲೆಯೆತ್ತದೆ, ಇವತ್ತು ಶುಂಠಿ ಸಾಲದು ಎಂದಳಂತೆ. ಮುದುಕಿ ರಸ ನೆಕ್ಕಿ ನೋಡಿದಳು, ಹೌದೆಂದಳು, ಸೌಟನ್ನು ಅವಳ ಕೈಗೆ ಕೊಟ್ಟಳು. ಆ ಅಡುಗೆಮನೆಯಲ್ಲಿ ಒಂದು ಕಟ್ಟಳೆಯಿತ್ತು: ಒಂದು ಹಂಡೆಗೆ ಒಂದೇ ಮೂಗು. ಹಂಡೆ ಯಾರದೋ ಅವರ ಹೊರತು ಬೇರೆಯವರು ಅದನ್ನು ಮೂಸಿ ನೋಡಿದರೆ ಅವಮಾನ ಮಾಡಿದ ಹಾಗೆ. ಮುದುಕಿಯ ನಂತರ ಆ ಮೂಗು ರಸದಕ್ಕನದಾಯಿತು. ಅವಳ ಜೀವನದಲ್ಲಿ ಸಿಕ್ಕಿದ ಒಂದೇ ಒಂದು ಪದವಿ ಅದು.

ಎರಡು ವರ್ಷದ ಹಿಂದೆ ಒಂದು ಜ್ವರ ಬಂತು. ವಾರದಲ್ಲಿ ಇಳಿಯಿತು. ಇಳಿಯುವಾಗ ವಾಸನೆಯನ್ನೂ ಮುಕ್ಕಾಲು ರುಚಿಯನ್ನೂ ತೆಗೆದುಕೊಂಡು ಹೋಯಿತು. ಡಾಕ್ಟರು, ಬರಬಹುದು, ಬಾರದೆಯೂ ಇರಬಹುದು ಎಂದರು.

"ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಮತ್ತೆ ಸಿಂಕಿಗೆ ಹೋಗ್ಬೇಕಿತ್ತು. ಸಿಂಕಿನ ಸಂಬಳದಲ್ಲಿ ಮನೆಯವರ ಔಷಧಿ ಆಗಲ್ಲ," ಎನ್ನುತ್ತಾಳೆ ರಸದಕ್ಕ. ಸ್ವಲ್ಪ ತಡೆದು ಸೇರಿಸುತ್ತಾಳೆ, "ಔಷಧಿ ಒಂದೇ ಅಲ್ಲ. ಹಂಡೆ ಬಿಟ್ಟು ಕೊಡೋಕೆ ನಂಗೇ ಮನಸ್ಸಿರ್ಲಿಲ್ಲ."

ಬಣ್ಣ ನೋಡಿ, ಕುದಿಯುವ ಸದ್ದು ಕೇಳಿ, ಬೆರಳ ನಡುವೆ ರಸದ ಅಂಟು ನೋಡಿ ತಿಂಗಳುಗಟ್ಟಲೆ ಸಾಗಿಸಿದಳು. ಯಾರಿಗೂ ತಿಳಿಯಲಿಲ್ಲ. ಪಕ್ಕದಲ್ಲೇ ಪಾತ್ರೆ ಉಜ್ಜುತ್ತಿದ್ದ, ಎಲ್ಲರ ವಿಷಯಕ್ಕೂ ಮೂಗು ತೂರಿಸುವ ನಾದಿನಿಗೂ ತಿಳಿಯಲಿಲ್ಲ.

ಆಮೇಲೆ ಆ ರಾತ್ರಿ ಬಂತು. ರಸ ಇನ್ನೂ ಸುಡುತ್ತಿರುವಾಗ ಪಕ್ಕದ ಕೋಣೆಯವರ ಫೋನು: ನಿನ್ನ ಗಂಡನಿಗೆ ಉಸಿರು ಸಿಕ್ಕುತ್ತಿಲ್ಲ. ಅತ್ತಿಗೆ, ನಾದಿನಿ ಇಬ್ಬರೂ ಓಡಿದರು. ಓಡುವ ಮೊದಲು ರಸದಕ್ಕ ಹಂಡೆಯ ಮುಚ್ಚಳವನ್ನು ಒತ್ತಿ ಮುಚ್ಚಿದಳು. ಗಾಬರಿಯಲ್ಲಿ ಕೈ ತಾನಾಗಿ ಮಾಡಿದ ಕೆಲಸ. ಬಿಸಿ ರಸಕ್ಕೆ ಮುಚ್ಚಳ ಹಾಕಿದರೆ ಒಳಗೇ ಬೆಂದು, ಬೆವತು, ಬೆಳಗಾಗುವಷ್ಟರಲ್ಲಿ ಹಳಸುತ್ತದೆ. ಮುದುಕಿ ಅವಳಿಗೆ ಕಲಿಸಿದ ಮೊದಲ ಪಾಠವೇ ಅದು.

ಗಂಡ ಉಳಿದ. ಅವನ ಹತ್ತಿರ ತಂಗಿಯನ್ನು ಕೂರಿಸಿ, ರಸದಕ್ಕ ಬೆಳಗ್ಗೆ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬಂದಳು. ಹೊತ್ತು ತಪ್ಪಿಸಲಿಲ್ಲವಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಇತ್ತು. ಮುಚ್ಚಳ ತೆಗೆದಾಗ ಅಂಚಿನಲ್ಲಿ ಸಣ್ಣ ನೊರೆ ಕಂಡಿತು. ಬಿಸಿ ಉಳಿದಿರಬೇಕು ಎಂದುಕೊಂಡಳು. ಸೋಯಾ ಹಾಕಿದಳು, ಸಕ್ಕರೆ ಹಾಕಿದಳು, ಕುದಿಸಿದಳು. ಹೋಟೆಲಿನ ಅಡುಗೆಯವನು ಕಟ್ಟಳೆಯ ಪ್ರಕಾರ ಹಂಡೆಯನ್ನು ಮೂಸದೆ ಮೊಟ್ಟೆ ಇಳಿಬಿಟ್ಟ.

ಆ ಮಧ್ಯಾಹ್ನ ದೊಡ್ಡ ದುಂಡು ಮೇಜಿನಲ್ಲಿ ಒಂದು ಕುಟುಂಬ ಕೂತಿತ್ತು. ಊರೂರು ಸೇರಿಹೋಗಿದ್ದ ಅಣ್ಣತಮ್ಮಂದಿರು, ಅಕ್ಕತಂಗಿಯರು ಬಹಳ ವರ್ಷದ ಮೇಲೆ ಕೂಡಿದ್ದರು. ಎಲ್ಲಿ ಉಣ್ಣುವುದೆಂದು ಎರಡು ವಾರ ಜಗಳವಾಡಿ ಈ ಹೋಟೆಲು ಆರಿಸಿದ್ದರಂತೆ. ಮೊದಲ ಸುತ್ತು ನಗೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಎರಡನೆಯ ಸುತ್ತಿಗೆ ಒಬ್ಬ ಅಜ್ಜಿ ಮೊಟ್ಟೆಯನ್ನು ಬಾಯಿಂದ ತೆಗೆದು ತಟ್ಟೆಯಲ್ಲಿಟ್ಟಳು. ಅಷ್ಟರಲ್ಲಿ ಮಕ್ಕಳ ತಟ್ಟೆ ಖಾಲಿಯಾಗಿತ್ತು. ಸಂಜೆ ಆ ಮಕ್ಕಳು ಆಸ್ಪತ್ರೆಯಲ್ಲಿದ್ದರು. ಎರಡು ದಿನ ಇದ್ದು ಮನೆಗೆ ಹೋದರು, ಸದ್ಯ.

ಯಜಮಾನಿ ಒಳಗೆ ಬಂದು ಹಂಡೆಯ ಮೇಲೆ ಬಗ್ಗಿದಳು. ಅವಳದು ಮೂಗಿನ ತುದಿಯಲ್ಲೇ ಕೋಪ. ಅಂದು ಬೈಯಲಿಲ್ಲ.

"ಯಾವಾಗಿಂದ?" ಎಂದಳು.

"ಜ್ವರ ಬಂದಾಗಿಂದ," ಎಂದಳು ರಸದಕ್ಕ.

ಹಂಡೆಯನ್ನು ನಾಲ್ಕು ಕೈಗಳು ಎತ್ತಿ ಹಿತ್ತಲಿನ ಚರಂಡಿಗೆ ಬಗ್ಗಿಸಿದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಯಜಮಾನಿ ಚರಂಡಿಯ ಕಟ್ಟೆಯ ಮೇಲೆ ಕೂತು ರಸ ಹರಿದು ಮುಗಿಯುವ ತನಕ ನೋಡಿದಳು. ಅವಳ ತಾಯಿ ಎರಡನೆಯ ಸಲ ಸತ್ತಂತಾಯಿತು. ಅದು ರಸದಕ್ಕನಿಗೂ ಗೊತ್ತಾಯಿತು, ಅವಳು ಇವತ್ತಿಗೂ ಆ ಚರಂಡಿ ದಾಟುವಾಗ ಕೆಳಗೆ ನೋಡುವುದಿಲ್ಲ.

ಕೆಲಸ ಕಳೆದುಕೊಂಡದ್ದು ಅವಳಲ್ಲ, ಅಡುಗೆಯವನು. ಬಡಿಸುವ ಮೊದಲು ರುಚಿ ನೋಡಬೇಕಾದವನು ನೀನು ಎಂದು ಯಜಮಾನಿ ಅವನನ್ನು ಬಿಡಿಸಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ರಸದಕ್ಕನನ್ನು ಇಟ್ಟುಕೊಂಡದ್ದು ಕರುಣೆಯಿಂದಲ್ಲ. ಹೊಸ ರಸ ಹೂಡುವ ಕೈ ಬೇರೆ ಯಾವುದೂ ಇರಲಿಲ್ಲ. ತಪ್ಪು ನನ್ನದು, ಅವನನ್ನು ಬಿಡಿಸಬೇಡಿ ಎಂದು ಇವಳು ಬೇಡಿದಳು. ಹಾಗಾದರೆ ಇಬ್ಬರೂ ಹೋಗಿ ಎಂಬ ಉತ್ತರ ಬಂತು. ಗಂಡನ ಔಷಧಿ ನೆನಪಾಗಿ ಬಾಯಿ ಮುಚ್ಚಿಕೊಂಡಳು. ಅಡುಗೆಯವನ ಹೆಂಡತಿ ಒಮ್ಮೆ ದಿನಸಿ ಅಂಗಡಿಯ ಸಾಲಿನಲ್ಲಿ ಸಿಕ್ಕಿದಳಂತೆ. ಇವಳನ್ನು ಕಂಡು ಸಾಲು ಬಿಟ್ಟು ಹೋದಳು.

ಈಗ ಹಂಡೆಯಲ್ಲಿರುವುದು ಹೊಸ ರಸ. ಕೂಸು. ರಸದಕ್ಕ ಎಲುಬು ತೊಳೆಯುತ್ತಾಳೆ, ಚಕ್ಕೆ ಹುರಿಯುತ್ತಾಳೆ, ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾಳೆ. ರಾತ್ರಿ ಒಲೆ ಆರಿಸಿದ ಮೇಲೆ ಮುಚ್ಚಳವನ್ನು ಮುಟ್ಟಿ, ಗೋಡೆಗೆ ಒರಗಿದೆಯೇ ಎಂದು ಎರಡೆರಡು ಸಲ ನೋಡುತ್ತಾಳೆ. ಆದರೆ ತಾನು ಸಾಕುತ್ತಿರುವುದು ಹೇಗೆ ಬೆಳೆಯುತ್ತಿದೆ ಎಂದು ಅವಳಿಗೆ ಗೊತ್ತಾಗುವ ದಾರಿಯೇ ಇಲ್ಲ. ಈ ಶಿಕ್ಷೆಯನ್ನು ಯಾರೂ ಬೇಕೆಂದು ಕೊಟ್ಟದ್ದಲ್ಲ. ಆದರೂ ಇದಕ್ಕಿಂತ ಕ್ರೂರವಾದದ್ದನ್ನು ಯೋಚಿಸುವುದು ಕಷ್ಟ.

ಹೊರಗೆ ದುಂಡು ಮೇಜುಗಳು ರಜೆಯ ದಿನವೂ ಅರ್ಧ ಖಾಲಿ. ಆ ಕುಟುಂಬ ಫೋನಿನಲ್ಲಿ ಬರೆದದ್ದನ್ನು ಓದಿದವರು ಮುಂದಿನ ಬೀದಿಗೆ ಹೋಗುತ್ತಾರೆ. ಅವರನ್ನು ದೂರುವಂತಿಲ್ಲ. ವರ್ಷದ ಕೊನೆಗೆ ಅಂಗಡಿಯ ಬಾಡಿಗೆ ಕರಾರು ಮುಗಿಯುತ್ತದೆ. ಅಷ್ಟರೊಳಗೆ ರಸಕ್ಕೆ ಹಿಂದಿನ ಘಮ ಬಂದು, ಜನ ಹೋಟೆಲಿಗೆ ತಿರುಗಿ ಬಂದರೆ ಉಂಟು. ಇಲ್ಲದಿದ್ದರೆ ಬೀಗ ಎಂದು ಯಜಮಾನಿ ಹೇಳಿಬಿಟ್ಟಿದ್ದಾಳೆ. ಹೇಗಿದೆ ರಸ ಎಂದು ರಸದಕ್ಕ ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ನಾದಿನಿಯೂ ಚೆನ್ನಾಗಿದೆ ಎನ್ನುತ್ತಾಳೆ.

"ಹಳಸಿದ್ರೆ ಹೇಳ್ತಾಳೆ, ಅಷ್ಟು ನಂಬಿಕೆ ಇದೆ. ಆದ್ರೆ ಚೆನ್ನಾಗಿದೆ ಅಂತಾಳಲ್ಲ, ಅದನ್ನ ನಂಬೋದು ಕಷ್ಟ," ಎನ್ನುತ್ತಾಳೆ ರಸದಕ್ಕ. "ಮೊದ್ಲು ನಾನು ಮಾಡಿದ್ದಕ್ಕೆಲ್ಲ ಮೂಗು ಮುರೀತಿದ್ದೋಳು. ಈಗ ಮುರಿಯಲ್ಲ. ಅದಕ್ಕೇ ಭಯ."

ಕಳೆದ ತಿಂಗಳು ಒಂದು ಸಂಜೆ ನಾದಿನಿ ಓಡಿಬಂದು, ಅಡುಗೆಯವನು ಬಂದಿದ್ದಾನೆ ಎಂದಳು. ಬಿಡಿಸಿದ ಅಡುಗೆಯವನೇ. ಈಗ ಬೇರೊಂದು ಹೋಟೆಲಿನಲ್ಲಿ ತರಕಾರಿ ಹೆಚ್ಚುತ್ತಾನೆ. ಒಲೆಯ ಮುಂದೆ ಅವನನ್ನು ಯಾರೂ ನಿಲ್ಲಿಸಿಲ್ಲ. ಹೆಂಡತಿ, ಭಾವಮೈದುನ, ಭಾವಮೈದುನನ ಮಕ್ಕಳನ್ನು ಕರೆದುಕೊಂಡು ಬಂದು ದುಂಡು ಮೇಜಿಗೆ ಕೂತಿದ್ದ. ಅಷ್ಟು ಹೋಟೆಲುಗಳಿರುವಾಗ ಇದನ್ನೇ ಯಾಕೆ ಆರಿಸಿದ? ರಸದಕ್ಕ ಸೌಟು ಬದಿಗಿಟ್ಟಳು. ತಟ್ಟೆ ದಾಟಿಸುವ ಕಿಂಡಿಯಿಂದ ನೋಡುತ್ತ ನಿಂತಳು. ಹೆಂಡತಿ ಅಡುಗೆಮನೆಯ ಕಡೆ ಒಮ್ಮೆಯೂ ಮುಖ ತಿರುಗಿಸಲಿಲ್ಲ. ಅವನು ಮೊದಲು ಮೊಟ್ಟೆಯನ್ನು ಮೂಸಿದ. ಆಮೇಲೆ ತಿಂದ. ಸೋಯಾ ಗಿಣ್ಣು ತಿಂದ, ಮಾಂಸ ತಿಂದ. ಹಲಗೆ ಮತ್ತೆ ಸುತ್ತಿ ಬಂದಾಗ ಅರ್ಧ ಮೊಟ್ಟೆ ಅವನ ತಟ್ಟೆಯಲ್ಲೇ ಇತ್ತು.

ಉಂಡಾದ ಮೇಲೆ ಒಬ್ಬನೇ ಹಿಂಬಾಗಿಲಿಗೆ ಬಂದ. ಒಳಗೆ ಕಾಲಿಡಲಿಲ್ಲ. ಅವಳು ಕ್ಷಮೆ ಕೇಳಲು ಬಾಯಿ ತೆರೆದರೆ ಅದು ಬೇಡವೆಂದು ಕೈ ಅಡ್ಡ ಹಿಡಿದ.

"ಹಳೇ ಘಮ ಇನ್ನೂ ಬಂದಿಲ್ಲ," ಎಂದ. "ತೆಳ್ಳಗಿದೆ. ನಾಲಿಗೆ ಮೇಲೆ ನಿಲ್ಲಲ್ಲ."

"ಕೆಟ್ಟಿದ್ಯಾ?"

"ಕೆಟ್ಟಿಲ್ಲ. ಬಂದಿಲ್ಲ, ಅಷ್ಟೆ. ಶುಂಠಿ ಜಾಸ್ತಿ ಹಾಕ್ತಿದ್ದೀಯ, ಭಯಕ್ಕೆ."

ಅವನು ಹೋದ ಮೇಲೆ ರಸದಕ್ಕ ಮೂಟೆಯ ಮೇಲೆ ಕೂತು ಅತ್ತಳು. ನಾದಿನಿ ಅವನನ್ನು ಬೈಯತೊಡಗಿದರೆ ಬೇಡವೆಂದು ತಡೆದಳು. ಮಾರನೆಯ ಬೆಳಗ್ಗೆ ಶುಂಠಿ ಕಡಿಮೆ ಮಾಡಿದಳು.

ಒಲೆ ಹೊತ್ತಿದೆ, ರಸದ ಅಂಚಿನಲ್ಲಿ ಮೊದಲ ಗುಳ್ಳೆ ಏಳುತ್ತಿದೆ. ಅಡುಗೆಮನೆಯ ತುಂಬ ಚಕ್ರಮೊಗ್ಗಿನ ಘಮ. ಅದು ಗೊತ್ತಾಗದೆ ಇರುವುದು ಅವಳೊಬ್ಬಳಿಗೇ. ಬಾಗಿಲು ಹಾಕದೆ ಅಂಗಡಿ ಇನ್ನೊಂದಿಷ್ಟು ತಿಂಗಳು ನಿಲ್ಲಬೇಕು, ಅವನು ಇನ್ನೊಂದು ಸಲ ಬಂದು ಆ ಮೇಜಿಗೆ ಕೂರಬೇಕು ಎಂಬುದಷ್ಟೇ ಅವಳ ಆಸೆ. ಅವನೇ ಯಾಕೆ ಎಂದು ಕೇಳಿದರೆ ಸೌಟು ತಿರುವುತ್ತಲೇ ಹೇಳುತ್ತಾಳೆ:

"ಅವನು ಬಂದಿದೆ ಅಂದ್ರೆ ಬಂದಿದೆ. ನಂಗೆ ಸುಳ್ಳು ಹೇಳೋ ಅಷ್ಟು ಪ್ರೀತಿ ಅವನಿಗಿಲ್ಲ."